ಎದೆಯ ಆಪರೇಷನ್ ಆದಮೇಲೆ ಗುರುತು ಉಬ್ಬಿ ಬೆಳೆದರೆ?

ಪ್ರಶ್ನೆ: ನನಗೆ 27 ವರ್ಷ. ಊರು ಸಕಲೇಶಪುರದ ಹತ್ತಿರ, ಹಾಸನದ ಒಂದು ಶಾಲೆಯಲ್ಲಿ ಟೀಚರ್. ಹೈಸ್ಕೂಲಿನಿಂದಲೂ ನನ್ನ ಎದೆ ತುಂಬಾ ದೊಡ್ಡದು. ಬೆನ್ನು ನೋವು, ಭುಜದ ಮೇಲೆ ಬ್ರಾ ಪಟ್ಟಿಯ ಹಳ್ಳ, ಮಳೆಗಾಲದಲ್ಲಿ ಎದೆಯ ಕೆಳಗೆ ಕೆಂಪಗೆ ಬೆಂದ ಹಾಗೆ ಆಗಿ ಉರಿ. ಬೆಂಗಳೂರಿಗೆ ಹೋಗಿ ಸ್ತನ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಳ್ಳೋಣ ಅಂತ ಇದ್ದೇನೆ. ಆದರೆ ಒಂದು ಭಯ. ಅಮ್ಮನ ಸಿಸೇರಿಯನ್ ಗುರುತು ಈಗಲೂ ಉಬ್ಬಿಕೊಂಡಿದೆ, ತುರಿಸುತ್ತದೆ. ನನ್ನ ತೋಳಿನ ಬಿಸಿಜಿ ಗುರುತು ಕೂಡ ದಪ್ಪ. ತಂಗಿ ಮೂಗು ಚುಚ್ಚಿಸಿದಾಗ ಗುಳ್ಳೆ ಎದ್ದಿತ್ತು. 17ನೇ ವಯಸ್ಸಿನಲ್ಲಿ ನನಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಅದು ಮಾತ್ರ ಬಿಳಿ ಗೆರೆ ಥರ ಇದೆ. ನಾನು ವಿಚಾರಿಸಿದ ಒಂದು ಕ್ಲಿನಿಕ್ಕಿನವರು 'ಗುರುತೇ ಇರಲ್ಲ, ಲೇಸರ್ ಇದೆ' ಅಂದರು. ನಿಜವಾ? ಮನೆಯಲ್ಲಿ ಯಾರಿಗೂ ಹೇಳಿಲ್ಲ. ಟ್ರೈನಿಂಗ್ ಅಂತ ಹೇಳಿ ಹತ್ತು ದಿನ ಹೋಗಿ ಬರುವ ಯೋಚನೆ. ಮುಂದಿನ ವೈಶಾಖದಲ್ಲಿ ಮದುವೆ ಗೊತ್ತಾಗಿದೆ.

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ಆದರೆ ಆ ಭಯಕ್ಕಾಗಿ ಆಪರೇಷನ್ನನ್ನೇ ಬಿಡಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಚಿಂತೆಗೆ ಹಚ್ಚಿದ್ದು ಅಮ್ಮನ ಗುರುತೂ ಅಲ್ಲ, ಬಿಸಿಜಿಯೂ ಅಲ್ಲ. 'ಮನೆಯಲ್ಲಿ ಯಾರಿಗೂ ಹೇಳಿಲ್ಲ' ಅನ್ನುವ ಸಾಲು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಕ್ಲಿನಿಕ್ಕಿನ ಮಾತು. ಗುರುತೇ ಇಲ್ಲದ ಆಪರೇಷನ್ ಇಲ್ಲ. ಚರ್ಮ ಕತ್ತರಿಸಿದ ಕಡೆ ದೇಹ ಹಳೆಯ ಚರ್ಮವನ್ನು ಮತ್ತೆ ಹುಟ್ಟಿಸುವುದಿಲ್ಲ, ತೇಪೆ ಹಾಕುತ್ತದೆ. ಆ ತೇಪೆ ಸಣ್ಣ ಬಿಳಿ ಗೆರೆಯಾಗಿ ಉಳಿಯಬಹುದು, ಹಗ್ಗದ ಹಾಗೆ ಉಬ್ಬಬಹುದು. ಲೇಸರ್ ಗುರುತಿನ ಕೆಂಪನ್ನು ಕಡಿಮೆ ಮಾಡಬಹುದು, ಒಂದಿಷ್ಟು ಮೆತ್ತಗೆ ಮಾಡಬಹುದು, ಅಳಿಸುವುದಿಲ್ಲ. ಗುರುತೇ ಇರಲ್ಲ ಅಂತ ಮಾತು ಕೊಡುವ ಕಡೆ ದಯವಿಟ್ಟು ಹೋಗಬೇಡಿ. ಬೋರ್ಡಿನ ಮೇಲೆ 'ಕಾಸ್ಮೆಟಿಕ್' ಅಂತ ಬರೆದವರೆಲ್ಲ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್.ಎನ್.ಬಿ. ಅನ್ನುತ್ತಾರೆ) ಪದವಿ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಉಬ್ಬುವ ಗುರುತಿನಲ್ಲಿ ಎರಡು ಜಾತಿ. ಒಂದನ್ನು ಹೈಪರ್‌ಟ್ರೋಫಿಕ್ ಗುರುತು ಅನ್ನುತ್ತೇವೆ. ಇದು ಹೊಲಿಗೆ ಹಾಕಿದ ಗೆರೆಯ ಮೇಲೆಯೇ ಉಬ್ಬುತ್ತದೆ, ಗೆರೆ ದಾಟುವುದಿಲ್ಲ. ಸಾಮಾನ್ಯವಾಗಿ ಆಪರೇಷನ್ ಆಗಿ ಒಂದೆರಡು ತಿಂಗಳಲ್ಲಿ ಶುರುವಾಗುತ್ತದೆ. ಕೆಂಪಗೆ ಗಟ್ಟಿಯಾಗಿ ಕೆಲವು ತಿಂಗಳು ಕಾಟ ಕೊಟ್ಟು, ಒಂದೆರಡು ವರ್ಷದಲ್ಲಿ ಬಹಳ ಮಟ್ಟಿಗೆ ತಾನೇ ತಗ್ಗುತ್ತದೆ. ಇನ್ನೊಂದು ಕೀಲಾಯ್ಡ್. ಇದು ಗಾಯದ ಅಂಚು ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಕಾಲು ಚಾಚುತ್ತದೆ. ಗಾಯ ಮಾಗಿ ಎಷ್ಟೋ ತಿಂಗಳಾದ ಮೇಲೆ, ಕೆಲವರಲ್ಲಿ ವರ್ಷದ ಮೇಲೆ ಶುರುವಾಗಬಹುದು. ತಾನಾಗಿ ತಗ್ಗುವುದಿಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಚರ್ಮವೈದ್ಯ ಅಲಿಬೆರ್ ಇದಕ್ಕೆ ಏಡಿಯ ಕೊಂಡಿಯ ಮೇಲೆ ಹೆಸರಿಟ್ಟ. ಗದ್ದೆ ಬದುವಿನಲ್ಲಿ ಏಡಿ ನೋಡಿ ಬೆಳೆದ ನಮಗೆ ಆ ಹೋಲಿಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಒಂದು ಗಟ್ಟಿ ಗಂಟು, ಅದರ ಎರಡೂ ತುದಿಯಿಂದ ಹೊರಟ ಕೊಂಡಿ, ಥೇಟ್ ಹಾಗೆಯೇ ಇರುತ್ತದೆ.

ಈ ವ್ಯತ್ಯಾಸ ಯಾಕೆ ಇಷ್ಟು ಮುಖ್ಯ ಅಂದರೆ, ಮೊದಲನೆಯದಕ್ಕೆ ತಾಳ್ಮೆ ಮತ್ತು ಸಣ್ಣ ಚಿಕಿತ್ಸೆ ಸಾಕು. ಎರಡನೆಯದನ್ನು ಅವಸರಪಟ್ಟು ಕತ್ತರಿಸಿ ತೆಗೆದರೆ ದೊಡ್ಡದಾಗಿ ವಾಪಸ್ ಬರುವ ಸಂಭವವೇ ಹೆಚ್ಚು. ಬರೀ ಕತ್ತರಿಸಿ ಬಿಟ್ಟರೆ ನೂರಕ್ಕೆ 45ರಿಂದ 100ರವರೆಗೆ ಮರುಕಳಿಸುತ್ತದೆ ಅಂತ ನಮ್ಮ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. 

ನನ್ನ ಅಕ್ಕನಿಗೆ ಕಾಲೇಜಿನ ದಿನಗಳಲ್ಲಿ ಎದೆಯ ನಡುವೆ ಒಂದು ಮೊಡವೆ ಎದ್ದಿತ್ತು. ಚಿವುಟಿದಳು, ಅಷ್ಟೆ. ಅದು ಮಾಗಿದ ಮೇಲೆ ಬೆಳೆಯುತ್ತಾ ಹೋಯಿತು. ಯಾರೋ ಅದನ್ನು ಕತ್ತರಿಸಿ ಹೊಲಿಗೆ ಹಾಕಿದರು. ವರ್ಷ ತುಂಬುವುದರೊಳಗೆ ಹುಣಿಸೆ ಬೀಜದಷ್ಟಿದ್ದದ್ದು ಹುಣಿಸೆ ಹಣ್ಣಿನಷ್ಟು ಉದ್ದವಾಯಿತು. ಅವಳು ಇವತ್ತಿಗೂ ಕುತ್ತಿಗೆ ಮುಚ್ಚುವ ರವಿಕೆಯನ್ನೇ ಹಾಕುತ್ತಾಳೆ. ನಾನು ಈ ವಿಷಯಕ್ಕೆ ಇಷ್ಟು ಅಂಟಿಕೊಂಡಿರುವುದಕ್ಕೆ ಅದೂ ಒಂದು ಕಾರಣ.

ಈಗ ನಿಮ್ಮ ಮೈ ಏನು ಹೇಳುತ್ತಿದೆ ನೋಡೋಣ. ಕೀಲಾಯ್ಡ್ ಬರುತ್ತದಾ ಅಂತ ಮುಂಚೆಯೇ ಹೇಳುವ ರಕ್ತ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಹಳೆಯ ಗುರುತುಗಳೇ ನಮ್ಮ ಪರೀಕ್ಷೆ. ಅವನ್ನು ಓದುವುದು ಬರಬೇಕು, ಅಷ್ಟೆ.

ಬಿಸಿಜಿ ಗುರುತಿನಿಂದ ಶುರು ಮಾಡೋಣ. ಹುಟ್ಟಿದ ಕೂಡಲೇ ಎಡತೋಳಿನ ಮೇಲೆ ಹಾಕುವ ಆ ಲಸಿಕೆ ಸಣ್ಣ ಹುಣ್ಣಾಗಿ, ಸೋರಿ, ತಿಂಗಳುಗಟ್ಟಲೆ ತೆಗೆದುಕೊಂಡು ಮಾಗುತ್ತದೆ. ಭುಜ ಸದಾ ಎಳೆತ ಇರುವ ಜಾಗ ಬೇರೆ. ಹಾಗಾಗಿ ಎಷ್ಟೋ ಜನರಿಗೆ ಅದು ಸ್ವಲ್ಪ ದಪ್ಪವೇ ಇರುತ್ತದೆ. ಬರೀ ದಪ್ಪ ಇದೆ ಅಂತ ಹೆದರಬೇಡಿ. ಕನ್ನಡಿ ಮುಂದೆ ನಿಂತು ಎರಡು ಬೆರಳಲ್ಲಿ ಹಿಡಿದು ನೋಡಿ. ಗುಂಡಗೆ, ಉದ್ದಿನ ಕಾಳು ಹರಡಿದ ಹಾಗೆ, ಮೆತ್ತಗೆ, ಬಣ್ಣ ಚರ್ಮದ್ದೇ ಆಗಿದ್ದರೆ ಅದು ಮಲಗಿದ ಗುರುತು. ಅಂಚಿನಿಂದ ಆಚೆ ಹರಿದು ಹೊಳೆಯುತ್ತಿದ್ದರೆ, ಒತ್ತಿದಾಗ ಚುಚ್ಚಿದ ಹಾಗೆ ನೋವಾದರೆ, ಬಟ್ಟೆ ತಾಗಿದರೆ ತುರಿಸಿದರೆ, ಹತ್ತು ವರ್ಷದ ಹಿಂದಿನ ಫೋಟೊಗಿಂತ ಈಗ ದೊಡ್ಡದಾಗಿದ್ದರೆ ಅದು ಕೀಲಾಯ್ಡ್. ನಿಮ್ಮ ಪತ್ರದಲ್ಲಿ 'ದಪ್ಪ' ಅಂತ ಮಾತ್ರ ಇದೆ. ತುರಿಕೆ, ನೋವಿನ ಮಾತಿಲ್ಲ. ಇರಲಿ, ಇನ್ನೊಮ್ಮೆ ನೋಡಿಕೊಳ್ಳಿ.

ತಂಗಿಯ ಮೂಗಿನ ಗುಳ್ಳೆಯನ್ನು ಲೆಕ್ಕದಿಂದ ಬಿಟ್ಟುಬಿಡಬಹುದು. ಚುಚ್ಚಿಸಿದ ಕೆಲವೇ ವಾರಗಳಲ್ಲಿ ಏಳುವ, ಒದ್ದೆ ಒದ್ದೆಯಾಗಿ ಮುಟ್ಟಿದರೆ ರಕ್ತ ಬರುವ ಗುಳ್ಳೆ ಸಾಮಾನ್ಯವಾಗಿ ಗ್ರಾನ್ಯುಲೋಮ, ಅಂದರೆ ಗಾಯ ಮಾಗುವಾಗ ಏಳುವ ಹಸಿ ಮಾಂಸದ ಗುಳ್ಳೆ. ಅದು ಕೀಲಾಯ್ಡ್ ಅಲ್ಲ.

ಅಮ್ಮನ ಗುರುತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಲಾರೆ. ಬರೀ ಹೈಪರ್‌ಟ್ರೋಫಿಕ್ ಆಗಿದ್ದರೆ ಇಷ್ಟು ವರ್ಷದಲ್ಲಿ ಅದು ತಗ್ಗಿ ಸುಮ್ಮನಾಗಬೇಕಿತ್ತು. ಇನ್ನೂ ತುರಿಸುತ್ತಿದೆ ಅಂದರೆ ಇನ್ನೂ ಜೀವಂತ ಇದೆ ಅಂತ. ಕೀಲಾಯ್ಡ್ ಮನೆತನದಲ್ಲಿ ಹರಿದು ಬರುತ್ತದೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದವರಲ್ಲಿ ಬಿಳಿಯರಿಗಿಂತ ಜಾಸ್ತಿ. ಹತ್ತರಿಂದ ಮೂವತ್ತು ವರ್ಷದ ನಡುವೆ ಅದರ ಆಟ ಜೋರು. ನೀವು ಆ ಮೂರರಲ್ಲೂ ಇದ್ದೀರಿ.

ಸಮಾಧಾನದ ವಿಷಯ ನಿಮ್ಮ ಅಪೆಂಡಿಕ್ಸ್ ಗುರುತು. 17ರ ವಯಸ್ಸು, ಅಂದರೆ ಕೀಲಾಯ್ಡ್‌ಗೆ ತಕ್ಕ ವಯಸ್ಸು, ಆಗ ಕತ್ತರಿಸಿ ಹೊಲಿದ ಗೆರೆ ಬಿಳಿ ದಾರದ ಹಾಗೆ ಮಲಗಿದೆ. ಇದು ನಿಮ್ಮ ಪರವಾಗಿ ಇರುವ ದೊಡ್ಡ ಸಾಕ್ಷಿ. ಆದರೆ ಅದು ಹೊಟ್ಟೆ. ಎದೆಯ ಕಥೆ ಬೇರೆ.

ಯಾಕೆ ಬೇರೆ? ಕೀಲಾಯ್ಡ್ ಮೈ ತುಂಬ ಒಂದೇ ಥರ ಬರುವುದಿಲ್ಲ. ಕಣ್ಣಿನ ರೆಪ್ಪೆ, ಅಂಗೈ, ಅಂಗಾಲಿನಲ್ಲಿ ಬಲು ಅಪರೂಪ. ಎದೆಯ ನಡುವಿನ ಮೂಳೆಯ ಮೇಲೆ, ಭುಜ, ಮೇಲ್ಬೆನ್ನು, ಕಿವಿಯ ಹಾಲೆ, ದವಡೆಯ ಅಂಚು, ಇಲ್ಲಿ ಜಾಸ್ತಿ. ಕಿವಿಯ ಹಾಲೆ ಬಿಟ್ಟರೆ ಉಳಿದ ಜಾಗಗಳಲ್ಲಿ ಹೆಚ್ಚಿನವಕ್ಕೆಲ್ಲ ಒಂದು ಸಮಾನ ಗುಣ ಇದೆ, ಎಳೆತ. ಕೈ ಎತ್ತಿದರೆ, ಉಸಿರು ಎಳೆದರೆ, ಮಗ್ಗುಲಾದರೆ ಅಲ್ಲಿನ ಚರ್ಮ ಜಗ್ಗುತ್ತದೆ. ಜಪಾನಿನ ಸರ್ಜನ್ ರೇ ಒಗಾವಾ ಈ ಎಳೆತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎದೆಯ ಮೇಲಿನ ಕೀಲಾಯ್ಡ್ ಸುಮ್ನೆ ಎಲ್ಲ ದಿಕ್ಕಿಗೂ ಬೆಳೆಯುವುದಿಲ್ಲ, ಚರ್ಮ ಜಗ್ಗುವ ದಿಕ್ಕಿಗೇ ಅಡ್ಡಡ್ಡ ಬೆಳೆಯುತ್ತದೆ ಅಂತ ತೋರಿಸಿಕೊಟ್ಟರು. ಗಾಯದೊಳಗಿನ ಜೀವಕೋಶಗಳು ಎಳೆತವನ್ನು 'ಇನ್ನೂ ಭದ್ರ ಆಗಿಲ್ಲ, ಇನ್ನಷ್ಟು ನಾರು ಹಾಕು' ಅನ್ನುವ ಅಪ್ಪಣೆಯ ಹಾಗೆ ತೆಗೆದುಕೊಳ್ಳುತ್ತವೆ. ಆ ನಾರೇ ಕೊಲಾಜೆನ್. ಅದು ಅತಿಯಾದದ್ದೇ ಉಬ್ಬು.

ಈಗ ನಿಮ್ಮ ಆಪರೇಷನ್ನಿನ ಗೆರೆ ಎಲ್ಲೆಲ್ಲಿ ಬರುತ್ತದೆ ಅಂತ ನೋಡಿದರೆ ಅಪಾಯ ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ. ತುಂಬಾ ದೊಡ್ಡ ಸ್ತನ ಚಿಕ್ಕದು ಮಾಡುವಾಗ ಸಾಮಾನ್ಯವಾಗಿ ಮೂರು ಗೆರೆ ಇರುತ್ತವೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿಗೆ ಒಂದು ಸುತ್ತು. ಅಲ್ಲಿಂದ ನೇರ ಕೆಳಗೆ ಒಂದು. ಸ್ತನದ ಕೆಳಗಿನ ಮಡಿಕೆಯಲ್ಲಿ ಅಡ್ಡಕ್ಕೆ ಒಂದು. ಸುತ್ತಿನ ಗೆರೆ ಹೆಚ್ಚಿನವರಲ್ಲಿ ಚೆನ್ನಾಗಿಯೇ ಮಾಗುತ್ತದೆ. ನೇರ ಗೆರೆಯೂ ಪರವಾಗಿಲ್ಲ. ಜಾಸ್ತಿ ಕಾಟ ಕೊಡುವುದು ಅಡ್ಡಗೆರೆಯ ಎರಡು ತುದಿಗಳು. ಹೊರತುದಿ ಕಂಕುಳ ಕಡೆ, ಬ್ರಾ ಉಜ್ಜುವ ಜಾಗ. ಒಳತುದಿ ಎದೆ ನಡುವಿನ ಮೂಳೆಯ ಕಡೆ. ಈ ಒಳತುದಿ ಒಂದೆರಡು ಸೆಂಟಿಮೀಟರ್ ಆಚೀಚೆ ಆದರೂ ಪರಿಣಾಮ ಬೇರೆಯಾಗುತ್ತದೆ. ಎರಡೂ ಕಡೆಯ ಗೆರೆ ನಡುವಿಗೆ ಬಂದು ಸಂಧಿಸುವ ಹಾಗೆ ಕತ್ತರಿಸಿದರೆ ಕೀಲಾಯ್ಡ್‌ನ ಮನೆ ಬಾಗಿಲಿಗೇ ಹೋಗಿ ಕದ ತಟ್ಟಿದ ಹಾಗೆ.

ಹಾಗಾಗಿ ಸರ್ಜನ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಖರ್ಚು' ಅಲ್ಲ. 'ಒಳತುದಿ ಎಲ್ಲಿ ನಿಲ್ಲುತ್ತದೆ, ನನ್ನ ಮೈ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ ತೋರಿಸಿ' ಅಂತ ಕೇಳಿ. ಅಡ್ಡಗೆರೆ ಇಲ್ಲದೆ, ಅಥವಾ ತುಂಬ ಚಿಕ್ಕ ಅಡ್ಡಗೆರೆಯಲ್ಲಿ ಮುಗಿಸುವ ವಿಧಾನ ಕೂಡ ಇದೆ. ಸುತ್ತು ಮತ್ತು ನೇರ ಗೆರೆ ಮಾತ್ರ, ನೋಡಲು ಕಡ್ಡಿಗೆ ಸಿಕ್ಕಿಸಿದ ಲಾಲಿಪಾಪ್ ಥರ. ಅತಿ ದೊಡ್ಡ ಸ್ತನಕ್ಕೆ ಅದು ಯಾವಾಗಲೂ ಹೊಂದುವುದಿಲ್ಲ, ಆಕಾರ ಕೆಡಬಹುದು. ಆದರೆ ಅಮ್ಮನಿಗೆ ಕೀಲಾಯ್ಡ್ ಇರುವ ನಿಮ್ಮ ವಿಷಯದಲ್ಲಿ ಆಕಾರದಲ್ಲಿ ಸ್ವಲ್ಪ ರಾಜಿಯಾದರೂ ಸರಿ, ಅಡ್ಡಗೆರೆ ಗಿಡ್ಡ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಅಳತೆ ದೊಡ್ಡದು ಮಾಡುವ ಇಂಪ್ಲಾಂಟ್ ಆಪರೇಷನ್ ಬಗ್ಗೆ ಯೋಚಿಸುವ ಓದುಗರಿಗೂ ಒಂದು ಮಾತು. ಅಲ್ಲಿ ಗೆರೆ ಚಿಕ್ಕದು, ಮಡಿಕೆಯಲ್ಲಿ ಸುಮಾರು 4–5 ಸೆಂಟಿಮೀಟರ್. ಅಪಾಯವೂ ಆ ಮಟ್ಟಿಗೆ ಕಡಿಮೆ. ಆದರೆ ಅದರ ಉಬ್ಬಿಗೆ ಮುಂದೆ ಸೂಜಿ ಹಾಕುವವರಿಗೆ ಒಳಗೆ ಇಂಪ್ಲಾಂಟ್ ಇದೆ ಅಂತ ಹೇಳುವುದನ್ನು ಮರೆಯಬಾರದು.

ಗಾಯ ತಡವಾಗಿ ಮಾಗಿದಷ್ಟೂ ಗುರುತು ಉಬ್ಬುತ್ತದೆ. ನೇರ ಗೆರೆ ಅಡ್ಡಗೆರೆಯನ್ನು ಸೇರುವ ಮೂಲೆ ಬಿಟ್ಟುಕೊಳ್ಳುವುದು ಸಾಮಾನ್ಯ. ಅಲ್ಲಿ ಸೋಂಕಾದರೆ, ಮೂರು ವಾರ ದಾಟಿಯೂ ಹಸಿ ಇದ್ದರೆ, ಆ ಜಾಗ ಉಬ್ಬುವ ಸಂಭವ ಏರುತ್ತದೆ. ಇಲ್ಲಿ ನಮ್ಮ ಮಲೆನಾಡಿನ ಮಾತು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಕಡೆ ಒಳಬಟ್ಟೆ ಒಣಗುವುದೇ ಇಲ್ಲ, ಅಲ್ವಾ? ಒಲೆ ಮೇಲಿನ ಹಗ್ಗಕ್ಕೆ ಹಾಕಿದರೂ ಅರೆಹಸಿ. ನೀವು ಬರೆದ ಕೆಂಪು, ಉರಿ ಹೆಚ್ಚಾಗಿ ಆ ತೇವಕ್ಕೆ ಬೆಳೆದ ಬೂಷ್ಟಿನ ಸೋಂಕು. ಆ ಮಡಿಕೆಯ ಮೇಲೆಯೇ ಹೊಲಿಗೆ ಬರುವುದು. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಅದನ್ನು ಪೂರ್ತಿ ವಾಸಿ ಮಾಡಿಕೊಳ್ಳಿ. ಆಪರೇಷನ್ ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ರಕ್ತ ಕಡಿಮೆ ಇದ್ದರೆ, ಸಕ್ಕರೆ ಇದ್ದರೆ ಸರಿಪಡಿಸಿಕೊಳ್ಳಿ.

ಆಮೇಲೆ ಬರುವುದು ನಿಜವಾದ ಕೆಲಸ. ಆಪರೇಷನ್ ಮೂರು ನಾಲ್ಕು ಗಂಟೆಯದು. ಗುರುತಿನ ಕೆಲಸ ಒಂದು ವರ್ಷದ್ದು, ಇನ್ನೂ ಜಾಸ್ತಿಯೂ ಆಗಬಹುದು. ಹೊರಗೆ ಹೊಲಿಗೆ ಮಾಗಿದ ಹಾಗೆ ಕಂಡರೂ ಒಳಗೆ ಕೊಲಾಜೆನ್ ತಿಂಗಳುಗಟ್ಟಲೆ ಹೆಣೆದು ಬಿಚ್ಚಿ ಹೆಣೆಯುತ್ತಲೇ ಇರುತ್ತದೆ. ಎಷ್ಟು ಹೆಣೆದರೂ ಹಳೆಯ ಚರ್ಮದ ನೂರಕ್ಕೆ 80ರಷ್ಟು ಬಲ ಮಾತ್ರ ಬರುತ್ತದೆ.

ಮೊದಲ ಎರಡು ಮೂರು ವಾರ ಗಾಯ ಪೂರ್ತಿ ಮುಚ್ಚುವ ತನಕ ಡಾಕ್ಟರು ಹೇಳಿದ್ದು ಬಿಟ್ಟು ಏನೂ ಹಚ್ಚಬೇಡಿ. ಅರಿಶಿನ ಬೇಡ, ಕೊಬ್ಬರಿ ಎಣ್ಣೆ ಬೇಡ. ನಿಮ್ಮ ಸರ್ಜನ್ ಕೊಟ್ಟ ಮೆತ್ತನೆಯ, ಒಳಗೆ ಕಂಬಿ ಇಲ್ಲದ ಸಪೋರ್ಟ್ ಬ್ರಾ ಹಗಲೂ ರಾತ್ರಿ ಇರಲಿ. ಎದೆಯ ಭಾರ ಹೊಲಿಗೆಯ ಮೇಲೆ ಜೋತು ಬೀಳಬಾರದು, ಅದಕ್ಕೆ. ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬೇಡಿ. ಬೋರ್ಡಿನ ಮೇಲೆ ಕೈ ಎತ್ತಿ ಬರೆಯುವುದೂ ಚರ್ಮವನ್ನು ಜಗ್ಗುತ್ತದೆ. ಟೀಚರ್ ಆದವರಿಗೆ ಹತ್ತು ದಿನದ ರಜೆ ಸಾಲದು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಗಾಯ ಮುಚ್ಚಿದ ಮೇಲೆ ಗೆರೆಯ ಉದ್ದಕ್ಕೂ ಮೈಕ್ರೋಪೋರ್ ಟೇಪ್ ಹಚ್ಚಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಅದೇ ಕಾಗದದ ಟೇಪ್. ದಿನಾ ಕಿತ್ತು ಹಚ್ಚಬೇಡಿ. ತಾನೇ ಅಂಚು ಬಿಡುವ ತನಕ ಇರಲಿ, ಸ್ನಾನ ಮಾಡಬಹುದು. ಕೆಲಸ ಸರಳ, ಎರಡೂ ಅಂಚು ಜಗ್ಗದಂತೆ ಹಿಡಿದುಕೊಳ್ಳುತ್ತದೆ. ಅದರ ಜೊತೆ ಅಥವಾ ಅದರ ಬದಲು ಸಿಲಿಕೋನ್ ಹಾಳೆ ಇಲ್ಲವೆ ಸಿಲಿಕೋನ್ ಜೆಲ್. 2002ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಬರೆದ ಸಲಹೆಯಲ್ಲಿ ತಡೆಗಟ್ಟಲು ಮೊದಲು ಬಳಸಬೇಕಾದದ್ದು ಸಿಲಿಕೋನ್ ಅಂತಲೇ ಹೇಳಿದ್ದರು. ಅದರ ಪರ ಇರುವ ಅಧ್ಯಯನಗಳು ಕಲ್ಲಿನಷ್ಟು ಗಟ್ಟಿ ಅಲ್ಲ, ಅದನ್ನೂ ಹೇಳಬೇಕು. ಆದರೆ ದೊಡ್ಡ ತೊಂದರೆ ಮಾಡುವುದಿಲ್ಲ, ಉಪಯೋಗ ಆಗಬಹುದು. ಚರ್ಮದ ಮೇಲ್ಪದರದ ತೇವ ಆರಿ ಹೋಗದಂತೆ ಅದು ಕಾಯುತ್ತದೆ, ಹಾಗಾಗಿ ಒಳಗಿನ ಕೋಶಗಳು ಗಾಬರಿ ಬೀಳದೆ ಕೊಲಾಜೆನ್ ಹಾಕುವುದನ್ನು ನಿಧಾನ ಮಾಡುತ್ತವೆ. ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳಾದರೂ ಹಾಕಬೇಕು. ಬೆವರಿಗೆ ಹಾಳೆ ಜಾರಿದರೆ, ಕೆಳಗೆ ಸಣ್ಣ ಗುಳ್ಳೆ ಎದ್ದರೆ ಜೆಲ್‌ಗೆ ಬದಲಾಯಿಸಿ. ಈರುಳ್ಳಿ ರಸದ ಮುಲಾಮು, ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವುದು, ಇವಕ್ಕೆ ದುಡ್ಡು ಹಾಕಬೇಡಿ. ವಿಟಮಿನ್ ಇ ಕೆಲವರಿಗೆ ಅಲರ್ಜಿಯಾಗಿ ಚರ್ಮ ಇನ್ನೂ ಕೆಣಕಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಉಬ್ಬಲು ಶುರುವಾದರೆ? ಶುರುವಾಗುವುದು ಹೀಗೆ. ಆರು ವಾರದ ಹೊತ್ತಿಗೆ ಗೆರೆ ಕೆಂಪಗಿರುವುದು ಸಹಜ. ಆದರೆ ಕಣ್ಣು ಮುಚ್ಚಿ ಬೆರಳು ಸವರಿದಾಗ ಮೊದಲು ಹತ್ತದಿದ್ದ ಒಂದು ಏಣು ಬೆರಳಿಗೆ ಹತ್ತುತ್ತದೆ. ಸಂಜೆ ಬ್ರಾ ತೆಗೆದ ಕೂಡಲೇ ತುರಿಕೆ. ಕೆಲವರಿಗೆ ಇರುವೆ ಕಚ್ಚಿದ ಹಾಗೆ ಚುಳ್ ಅನ್ನುತ್ತದೆ. ಈ ಹಂತದಲ್ಲಿ ಬಂದರೆ ಕೆಲಸ ಸುಲಭ. ಟ್ರಯಾಮ್ಸಿನೋಲೋನ್ ಅನ್ನುವ ಸ್ಟೀರಾಯ್ಡ್ ಔಷಧಿಯನ್ನು ಸಣ್ಣ ಸೂಜಿಯಲ್ಲಿ ಆ ಉಬ್ಬಿನೊಳಗೇ ಹಾಕುತ್ತೇವೆ. ಮೂರರಿಂದ ಆರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಹಲವು ಸಲ.

ತಡಮಾಡಿ ಬಂದವರ ಉಬ್ಬಿಗೆ ಸೂಜಿ ಹಾಕುವಾಗ ನನ್ನ ಹೆಬ್ಬೆರಳೇ ನೋಯುತ್ತದೆ. ಹಸಿ ಅಡಿಕೆಗೆ ಚುಚ್ಚಿದ ಹಾಗೆ, ಔಷಧಿ ಒಳಗೆ ಹೋಗಲು ಒಪ್ಪುವುದಿಲ್ಲ. ಒತ್ತಿ ಒತ್ತಿ, ಕೊನೆಗೆ ಕೆಂಪು ಗಂಟು ಒಂದು ಕ್ಷಣ ಬೆಳ್ಳಗಾದಾಗ ಔಷಧಿ ಸರಿಯಾದ ಜಾಗಕ್ಕೆ ಹೋಯಿತು ಅಂತ ಗೊತ್ತಾಗುತ್ತದೆ. ರೋಗಿಗಂತೂ ಕಣ್ಣಲ್ಲಿ ನೀರು. ಬೇಗ ಬಂದವರ ಉಬ್ಬು ಇನ್ನೂ ಮೆತ್ತಗಿರುತ್ತದೆ, ಎರಡು ಮೂರು ಸಲಕ್ಕೇ ತುರಿಕೆ ನಿಂತು ಏಣು ಇಳಿಯತೊಡಗುತ್ತದೆ.

ಸ್ಟೀರಾಯ್ಡ್‌ಗೆ ಅದರದೇ ತೊಂದರೆಗಳಿವೆ. ಜಾಸ್ತಿ ಹಾಕಿದರೆ, ಪಕ್ಕದ ಚರ್ಮಕ್ಕೆ ಹರಿದರೆ ಬಿಳಿ ಕಲೆ, ಸಣ್ಣ ಹಳ್ಳ, ಎಳೆಎಳೆಯಾದ ರಕ್ತನಾಳ ಕಾಣಿಸಬಹುದು. ಒಂದೆರಡು ತಿಂಗಳು ಮುಟ್ಟು ಏರುಪೇರಾಗುವುದೂ ಉಂಟು. ಬರೀ ಸ್ಟೀರಾಯ್ಡ್‌ಗೆ ಜಗ್ಗದಿದ್ದರೆ 5-ಫ್ಲೋರೋಯುರಾಸಿಲ್ ಅನ್ನುವ ಇನ್ನೊಂದು ಔಷಧಿ ಸೇರಿಸುತ್ತೇವೆ. ಗರ್ಭಿಣಿಯರಿಗೆ ಅದನ್ನು ಕೊಡುವ ಹಾಗೇ ಇಲ್ಲ. ಕೀಲಾಯ್ಡ್ ಕತ್ತರಿಸಿ ಕೂಡಲೇ ರೇಡಿಯೇಷನ್ ಕೊಡುವ ಪದ್ಧತಿ ಕಿವಿಗೆ, ಬೇರೆ ಜಾಗಕ್ಕೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಚಿಕ್ಕ ವಯಸ್ಸಿನ ಹೆಂಗಸಿನ ಸ್ತನದ ಮೇಲೆ ಅದನ್ನು ಮಾಡಬಾರದು. ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚಬಹುದು. ಯಾರಾದರೂ ಅದನ್ನು ಸಲೀಸಾಗಿ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಮತ್ತೆ, ಗುರುತಿನಿಂದ ದೂರ, ಸ್ತನದ ಒಳಗೆ ಯಾವ ಗಂಟು ಕೈಗೆ ಸಿಕ್ಕರೂ 'ಆಪರೇಷನ್ ಗುರುತು ಇರಬೇಕು' ಅಂತ ಸುಮ್ಮನಿರಬೇಡಿ. ಅದನ್ನು ಬೇರೆಯಾಗಿಯೇ ಸ್ಕ್ಯಾನ್ ಮಾಡಿಸಬೇಕು.

ಈಗ ಮೊದಲೇ ಹೇಳಿದ ಆ ಸಾಲಿಗೆ ಬರುತ್ತೇನೆ. ಮನೆಯಲ್ಲಿ ಯಾರಿಗೂ ಹೇಳದ ಆಪರೇಷನ್.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಳು. ಇದೇ ಆಪರೇಷನ್ ಬೇರೆ ಊರಿನಲ್ಲಿ ಆಗಿತ್ತು. ಮಾಡಿದ ಕೆಲಸ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಮನೆಯಲ್ಲಿ ಗೊತ್ತಿರಲಿಲ್ಲ. ಟೇಪ್ ಹಚ್ಚಿದರೆ ಅತ್ತಿಗೆ ಕಾಣುತ್ತಾಳೆ ಅಂತ ಹಚ್ಚಲಿಲ್ಲ. ಸಿಲಿಕೋನ್ ಹಾಳೆ ತೊಳೆದು ಒಣಗಿಸಲು ಜಾಗ ಇಲ್ಲ ಅಂತ ಬ್ಯಾಗಿನ ತಳದಲ್ಲಿ ಇಟ್ಟಿದ್ದಳು. ಸಪೋರ್ಟ್ ಬ್ರಾ ಒಗೆದು ಹಗ್ಗಕ್ಕೆ ಹಾಕಿದರೆ 'ಇದೇನು' ಅಂತ ಕೇಳುತ್ತಾರೆ. ಮೂರು ವಾರಕ್ಕೇ ಕೊಡ ಎತ್ತಿದಳು, ಎತ್ತದಿದ್ದರೆ ಅನುಮಾನ. ಎರಡನೇ ತಿಂಗಳಲ್ಲಿ ತುರಿಕೆ ಶುರುವಾಯಿತು. ತೋರಿಸಲು ಮತ್ತೆ ಹೋಗಬೇಕು ಅಂದರೆ ಮತ್ತೊಂದು ಸುಳ್ಳು ಹುಡುಕಬೇಕು. ನನ್ನ ಹತ್ತಿರ ಬಂದಾಗ ಹನ್ನೊಂದು ತಿಂಗಳಾಗಿತ್ತು. ವೇಲ್ ಎದೆಗೆ ಎರಡು ಪಿನ್ ಹಾಕಿ ಬಿಗಿದಿದ್ದಳು. ಒಳತುದಿಗಳೆರಡೂ ಕಿರುಬೆರಳಿನಷ್ಟು ದಪ್ಪ ಆಗಿ ನಡುವಿನ ಕಡೆ ಹೊರಟಿದ್ದವು. ಇಳಿಸಲು ಒಂದೂವರೆ ವರ್ಷ ಹಿಡಿಯಿತು, ಪೂರ್ತಿ ಇಳಿಯಲೂ ಇಲ್ಲ. ಅವಳ ಮೈಯಲ್ಲಿ ದೋಷ ಇತ್ತು ಅಂತ ನಾನು ಹೇಳುವುದಿಲ್ಲ. ಒಬ್ಬಳೇ ಒಬ್ಬಳಿಗೆ ಗೊತ್ತಿದ್ದರೂ ಸಾಕಿತ್ತು.

ನೋವಿಗೆ ಚಿಕಿತ್ಸೆ ಮಾಡಿಸಿಕೊಳ್ಳುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಬೆನ್ನು ನೋವು, ಭುಜದ ಹಳ್ಳ, ಮಡಿಕೆಯ ಹುಣ್ಣು, ಇವೆಲ್ಲ ಶೋಕಿ ಅಲ್ಲ. ಅಮ್ಮನಿಗೆ ಹೇಳಿ ಅಂತ ನನ್ನ ಸಲಹೆ. ಬೇರೆ ಯಾರಿಗಿಂತ ಅವರಿಗೇ ಈ ತುರಿಕೆ ಏನು ಅಂತ ಗೊತ್ತು. ಅವರ ಗುರುತಿನ ಒಂದು ಫೋಟೊ ಬೇಕೇ ಬೇಕು, ಸರ್ಜನ್‌ಗೆ ತೋರಿಸಲು. ಫೋಟೊ ತೆಗೆಯುವ ನೆಪದಲ್ಲೇ ಮಾತು ಶುರು ಮಾಡಬಹುದು. ಅವರಿಗೂ ಈ ವಯಸ್ಸಿನಲ್ಲಿ ತುರಿಕೆ ಸಹಿಸಿಕೊಂಡಿರಬೇಕಾಗಿಲ್ಲ, ಅದಕ್ಕೂ ಇದೇ ಇಂಜೆಕ್ಷನ್ ಇದೆ. ಅಮ್ಮನಿಗೆ ಹೇಳಲು ಆಗದಿದ್ದರೆ ತಂಗಿಗಾದರೂ ಹೇಳಿ.

ಬೆಂಗಳೂರಿನಲ್ಲಿ ಆಪರೇಷನ್ ಆದರೂ ಪ್ರತಿ ಇಂಜೆಕ್ಷನ್ನಿಗೂ ಅಲ್ಲಿಗೇ ಓಡಬೇಕಾಗಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ, ಚಿಕ್ಕಮಗಳೂರಿನಲ್ಲೂ ಈಗ ಮೆಡಿಕಲ್ ಕಾಲೇಜು ಇದೆ. ಉಬ್ಬಿಗೆ ಸ್ಟೀರಾಯ್ಡ್ ಹಾಕುವುದು ಚರ್ಮದ ಡಾಕ್ಟರುಗಳಿಗೆ ದಿನನಿತ್ಯದ ಕೆಲಸ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ವಿಧಾನ, ಗೆರೆ ಎಲ್ಲಿ ಅಂತ ಬರೆಸಿಕೊಂಡು ಬನ್ನಿ. ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು, ವರ್ಷಕ್ಕೊಮ್ಮೆ ತೋರಿಸುವ ದಿನಾಂಕವನ್ನು ಆಪರೇಷನ್‌ಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ತಿಂಗಳಿಗೊಂದು ಸಲ ಒಂದೇ ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಬೀಗ ಹಾಕಿದ ಫೋಲ್ಡರಿನಲ್ಲಿ. ದಿನಾ ನೋಡುವ ಕಣ್ಣಿಗೆ ಬೆಳವಣಿಗೆ ಕಾಣುವುದಿಲ್ಲ, ಫೋಟೊಗಳನ್ನು ಪಕ್ಕ ಪಕ್ಕ ಇಟ್ಟರೆ ಕಾಣುತ್ತದೆ.

ಇನ್ನು ವೈಶಾಖದ ಮದುವೆ. ಮಳೆ ನಿಂತು ನವೆಂಬರ್‌ನಲ್ಲಿ ಆಪರೇಷನ್ ಆದರೆ ಮದುವೆಗೆ ಐದಾರು ತಿಂಗಳು. ಗುರುತು ತುಂಬಾ ಕೆಂಪಗಿರುವುದು ಎರಡರಿಂದ ನಾಲ್ಕನೇ ತಿಂಗಳವರೆಗೆ. ಐದಾರನೇ ತಿಂಗಳಿಗೂ ಕೆಂಪು ಪೂರ್ತಿ ಹೋಗಿರುವುದಿಲ್ಲ, ಬಣ್ಣ ತಿಳಿಯಾಗಲು ವರ್ಷ, ಒಂದೂವರೆ ವರ್ಷ ಬೇಕು. ಮದುವೆ ಆಗುವವರಿಗೂ ಮೊದಲೇ ತಿಳಿದಿರಲಿ ಅಂತ ನನ್ನ ಆಸೆ. ಇನ್ನೊಂದು ವಿಷಯ ಅವರೂ ನೀವೂ ಸೇರಿಯೇ ತೀರ್ಮಾನಿಸಬೇಕಾದದ್ದು. ಬಸುರಾದಾಗ, ಮಲಗಿದ್ದ ಗುರುತು ಮತ್ತೆ ಎದ್ದು ಬೆಳೆಯಬಹುದು, ಸ್ತನದ ಆಕಾರವೂ ಬದಲಾಗುತ್ತದೆ. ಈ ಆಪರೇಷನ್ ಆದಮೇಲೆ ಕೆಲವರಿಗೆ ಮಗುವಿಗೆ ಸಾಕಾಗುವಷ್ಟು ಹಾಲು ಬರುವುದಿಲ್ಲ. ಮದುವೆಯಾದ ಮೊದಲ ವರ್ಷವೇ ಮಗು ಬೇಕು ಅನ್ನುವುದಾದರೆ ಆಪರೇಷನ್ನನ್ನು ಬಾಣಂತನ ಮುಗಿದು, ಹಾಲು ಬಿಡಿಸಿ ಆರು ತಿಂಗಳ ಆಚೆಗೆ ಇಡಿ. ಅಲ್ಲಿಯವರೆಗೆ ಅಳತೆ ತೆಗೆಸಿ ಕೊಂಡ ಅಗಲ ಪಟ್ಟಿಯ ಬ್ರಾ, ಬೆನ್ನಿಗೆ ಫಿಸಿಯೋಥೆರಪಿ, ಮಡಿಕೆಗೆ ಔಷಧಿ. ಎರಡು ಮೂರು ವರ್ಷ ತಡ ಮಾಡುವ ಯೋಚನೆ ಇದ್ದರೆ ಈ ನವೆಂಬರ್‌ನಲ್ಲೇ ಮಾಡಿಸಿಕೊಳ್ಳಬಹುದು. ಹತ್ತು ದಿನ ಅಲ್ಲ, ಕನಿಷ್ಠ ಒಂದು ತಿಂಗಳು ರಜೆ ಕೇಳಿ. ರಜೆ ಮುಗಿದ ಮೇಲೂ ಎರಡು ವಾರ ಬೋರ್ಡಿನ ಮೇಲೆ ಬರೆಯುವ ಕೆಲಸ ಮಕ್ಕಳಿಗೆ ಕೊಡಿ.